ಕೊಯ್ದದ್ದು ಮತ್ತು ಬಿಚ್ಚಿಡಬಹುದಾದದ್ದು: ಒಂದು ಹೆರಾಲ್ಡ್ ಕಾರಿನ ಲೆಕ್ಕ

ಕಳೆದ ಭಾನುವಾರ ಹಿರಿಯೂರಿನ ಯುವಕರೊಬ್ಬರು ಮೊಬೈಲಿನ ತುಂಬ ಫೋಟೋ ತುಂಬಿಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಅವರ ಅಜ್ಜನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ (ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ) ಕಾರೊಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಂತಿದೆ. ಗುಜರಿಯಲ್ಲಿ ಸಿಕ್ಕ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಅದರ ಪಕ್ಕದಲ್ಲೇ ಗೋಣಿಚೀಲ ಹೊದ್ದು ಕುಳಿತಿದೆ. ಚಾಸಿಯ, ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿನ, ಮುಂದಿನ ಅಡ್ಡ ತೊಲೆಯನ್ನು ಕತ್ತರಿಸಿ ಇದನ್ನು ಅದರೊಳಗೆ ಕೂರಿಸಬೇಕು ಎಂಬುದು ಅವರ ಆಸೆ. ನಾನು ಬೇಡವೆಂದಾಗ ಅವರು ನಗುತ್ತಲೇ, “ಅಣ್ಣಾ, ನೀವೂ ಹುಡುಗ್ರಿದ್ದಾಗ ಕಾರು ಕೊಯ್ದೋರೇ ಅಂತಲ್ಲ” ಎಂದರು. ಮಾತು ಸುಳ್ಳಲ್ಲ. ಆ ಕೊಯ್ದ ಕಥೆಯನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾರು 1967ರ ಎರಡು ಬಾಗಿಲಿನ ಹೆರಾಲ್ಡ್. ಹತ್ತಿ ದಲಾಲಿ ಮಾಡುತ್ತಿದ್ದ ದೊಡ್ಡಪ್ಪ ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ನಂಬರ್ ಪ್ಲೇಟಿನಲ್ಲಿ ಇಂದಿಗೂ ಮೈಸೂರು ರಾಜ್ಯದ ಎಂವೈ ಅಕ್ಷರಗಳೇ ಇವೆ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಊರಿನ ಶ್ರೀಮಂತರೆಲ್ಲ ಅಂಬಾಸಡರ್ ಇಲ್ಲವೇ ಫಿಯೆಟ್ ಇಟ್ಟುಕೊಂಡಿದ್ದಾಗ ದೊಡ್ಡಪ್ಪ ಹೆರಾಲ್ಡ್ ಹುಡುಕಿಕೊಂಡು ಹೋದದ್ದಕ್ಕೆ ಇದ್ದ ಕಾರಣ ಒಂದೇ, ಅದು ತಿರುಗುವ ಪರಿ. ಸುಮಾರು 25 ಅಡಿ ಅಗಲದ ಜಾಗದಲ್ಲಿ ಈ ಕಾರು ಪೂರ್ತಿ ಸುತ್ತು ತಿರುಗಿಬಿಡುತ್ತದೆ. ಮಂಡಿಪೇಟೆಯ ಗಲ್ಲಿಯಲ್ಲಿ ಎತ್ತಿನ ಗಾಡಿ, ಕೈಗಾಡಿ, ಹಮಾಲರು, ಅಂಡಿಗೆಗಳ ನಡುವೆ ಬೇರೆಯವರು ಹಿಂದೆ ಮುಂದೆ ಮಾಡುತ್ತ ಬೆವರುತ್ತಿದ್ದಾಗ ದೊಡ್ಡಪ್ಪ ಒಂದೇ ಬಾರಿಗೆ ಸ್ಟೇರಿಂಗ್ ಸುತ್ತಿ ಹೊರಟುಬಿಡುತ್ತಿದ್ದರು.

ಇದನ್ನು ಸ್ಪೋರ್ಟ್ಸ್ ಕಾರು ಎಂದರೆ ನಗುವವರಿದ್ದಾರೆ. 948 ಸಿಸಿಯ ಎಂಜಿನ್, ನಲವತ್ತನ್ನೂ ಮುಟ್ಟದ ಅಶ್ವಶಕ್ತಿ, ಸಿಂಕ್ರೋಮೆಶ್ (ಗೇರು ಸಲೀಸಾಗಿ ಬೀಳುವಂತೆ ಮಾಡುವ ವ್ಯವಸ್ಥೆ) ಇಲ್ಲದ ಮೊದಲ ಗೇರು; ನಗು ಬರುವುದು ಸಹಜವೇ. ಆದರೆ 1962ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ತೆರೆದ ಮೈಯ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇದೇ ಹೆರಾಲ್ಡಿನ ಅಡಿಪಾಯವನ್ನು ಗಿಡ್ಡ ಮಾಡಿ. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮುಂದಿನ ಚಕ್ರದ ಜೋಡಣೆ, ಹಿಂದಿನ ಆಕ್ಸಲ್, ಸ್ಟೇರಿಂಗ್, ಮುಂದಕ್ಕೆ ಮಗುಚುವ ಇಡೀ ಬಾನೆಟ್ ಎಲ್ಲವೂ ಒಂದೇ ಮನೆತನದವು. ಹಾಗಾಗಿ ಸ್ಪಿಟ್‌ಫೈರ್ ಇಟ್ಟುಕೊಂಡ ವಿದೇಶದ ಹವ್ಯಾಸಿಗಳಿಗೆ ಬರುವ ಜಡ್ಡುಗಳೆಲ್ಲ ದಾವಣಗೆರೆಯ ಹೆರಾಲ್ಡಿಗೂ ಬರುತ್ತವೆ, ಅವರ ಔಷಧವೂ ಇದಕ್ಕೆ ನಾಟುತ್ತದೆ.

ಈ ಕಾರನ್ನು ಕಟ್ಟಿದ ರೀತಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ. 1950ರ ದಶಕದಲ್ಲಿ ಕಾರುಗಳು ಪ್ರತ್ಯೇಕ ಚಾಸಿಯನ್ನು ಬಿಟ್ಟು ಒಂದೇ ಅಚ್ಚಿನ ಬಾಡಿಯ ಕಡೆಗೆ ಸಾಗುತ್ತಿದ್ದವು. ಆದರೆ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೊ ಕಾರ್ಖಾನೆ 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿಯ ಕೈಸೇರಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸಲು ದಾರಿ ಕಾಣದೆ ಅವರು ಹಳೆಯ ಪದ್ಧತಿಯಂತೆ ಚಾಸಿ ಇಟ್ಟುಕೊಂಡು, ಬೇರೆ ಬೇರೆ ಕಡೆ ಮಾಡಿಸಿದ ಭಾಗಗಳನ್ನು ಬೋಲ್ಟು ಹಾಕಿ ಜೋಡಿಸುವಂತೆ ಹೆರಾಲ್ಡನ್ನು ರೂಪಿಸಿದರು. ಅನಿವಾರ್ಯದಿಂದ ಹುಟ್ಟಿದ ಈ ಉಪಾಯ, ಬಿಡಿಭಾಗಗಳನ್ನು ತಂದು ಮದ್ರಾಸಿನಲ್ಲಿ ಜೋಡಿಸುತ್ತಿದ್ದ ನಮ್ಮವರಿಗೆ ವರದಾನವೇ ಆಯಿತು. ಇದರ ಛಾವಣಿ ಕೂಡ ಬೋಲ್ಟಿನಿಂದಲೇ ಕೂತಿರುವುದು. ಬಾನೆಟ್ ಮುಂದಕ್ಕೆ ಮಗುಚಿದರೆ ಎಂಜಿನ್ ಮೂರು ಕಡೆಯಿಂದ ಕೈಗೆ ಸಿಗುತ್ತದೆ. ಮೇಸ್ತ್ರಿಗೆ ಸ್ಟೂಲು ಬೇಕಿಲ್ಲ, ಮುಂದಿನ ಟೈರಿನ ಮೇಲೆ ಕುಳಿತು ಕಾರ್ಬೊರೇಟರ್ ಬಿಚ್ಚಬಹುದು. ಬಿಚ್ಚಿ ಕೂಡಿಸಲೆಂದೇ ಹುಟ್ಟಿದ ಇಂಥ ಕಾರಿಗೆ ನಾನು ಕಟಿಂಗ್ ಮಿಷನ್ ಹಿಡಿದದ್ದು ನನ್ನ ಬುದ್ಧಿಯ ಮಟ್ಟವನ್ನು ತೋರಿಸುತ್ತದೆ.

ಆಗ ನನಗೆ ಇಪ್ಪತ್ತಾರು. ಅಗಲವಾದ ಚಕ್ರ ಹಾಕಿದರೆ ಕಾರು ನೆಲಕ್ಕೆ ಅಂಟಿಕೊಂಡು ಓಡುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಹಿಂದಿನ ಮಡ್‌ಗಾರ್ಡಿನ ಕಮಾನು ಅಗಲ ಚಕ್ರಕ್ಕೆ ತಾಗುತ್ತಿತ್ತು. ಗ್ಯಾರೇಜೊಂದರಲ್ಲಿ ನಿಲ್ಲಿಸಿ ಎರಡೂ ಕಡೆಯ ಕಮಾನುಗಳನ್ನು ಕೊಯ್ಸಿ, ಮೇಲೆ ತಗಡು ಬೆಸೆದು, ಪುಟ್ಟಿ ಬಳಿಸಿ, ಕೆಂಪು ಬಣ್ಣ ಹೊಡೆಸಿದೆ. ಕೊಯ್ದ ತುಂಡುಗಳನ್ನು ಅಲ್ಲಿಯೇ ಬಿಟ್ಟು ಬಂದೆ. ದೊಡ್ಡಪ್ಪ ಒಂದು ಸುತ್ತು ಹಾಕಿ ನೋಡಿ, “ಮದುವಿ ಗಂಡಿಗೆ ಬೇರೆಯವರ ಕೋಟು ಹಾಕ್ದಂಗ ಐತಿ” ಎಂದಷ್ಟೇ ಹೇಳಿದರು.

ಮುಂದಿನ ಮಳೆಗಾಲದಲ್ಲಿ ಚಿತ್ರದುರ್ಗದ ಜೋಗಿಮಟ್ಟಿಯ ತಿರುವಿನಲ್ಲಿ ಅದರ ಫಲ ಸಿಕ್ಕಿತು. ಇಳಿಯುತ್ತಿದ್ದೆ, ತಿರುವು ನಾನೆಣಿಸಿದ್ದಕ್ಕಿಂತ ಬಿಗಿಯಾಗಿದೆ ಎನ್ನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾರಿನ ಹಿಂಭಾಗ ಯಾರೋ ಎತ್ತಿ ಹಿಡಿದಂತೆ ಮೇಲೆದ್ದು, ಬಾಲ ಮುಂದಾಗಿ, ಹಿಂದಿನ ಎಡ ಚಕ್ರ ಚರಂಡಿಗೆ ಇಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ಮಾತ್ರ ಅಂದಿನಿಂದ ಇಂದಿನವರೆಗೆ ಆ ಕಾರು ಹತ್ತಿಲ್ಲ.

ಆದದ್ದೇನೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಹೆರಾಲ್ಡಿನ ಹಿಂದಿನ ಚಕ್ರಗಳಿಗೆ ಒಂದೊಂದು ಅರ್ಧ ಆಕ್ಸಲ್, ಮೇಲೆ ಅಡ್ಡಲಾಗಿ ಒಂದೇ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಪ್ರತಿ ಅರ್ಧ ಆಕ್ಸಲ್ಲಿಗೂ ಕೀಲು ಇರುವುದು ನಡುವಿನ ಗೇರುಗಳ ಪೆಟ್ಟಿಗೆಯಾದ ಹೌಸಿಂಗ್ ಕಡೆ ಮಾತ್ರ. ಚಕ್ರದ ಕಡೆ ಕೀಲಿಲ್ಲ. ಹೀಗಾಗಿ ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೆದ್ದರೆ ಚಕ್ರದ ಬುಡ ಕಾರಿನ ಹೊಟ್ಟೆಯ ಕೆಳಗೆ ಮಡಚಿಕೊಳ್ಳುತ್ತದೆ, ಟೈರು ತನ್ನ ಅಂಗಾಲು ಬಿಟ್ಟು ಅಂಚಿನ ಮೇಲೆ ನಿಲ್ಲುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಡುವುದೇ ಅದಕ್ಕೆ ಆಹ್ವಾನ. ಟೈರು ಎಷ್ಟು ಅಗಲವಾಗಿದ್ದರೇನು, ಅಂಚಿನ ಮೇಲೆ ನಿಂತಾಗ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು! ನಾನು ಕೊಯ್ದ ಜಾಗಕ್ಕೂ ಕಾರಿನ ರೋಗಕ್ಕೂ ಸಂಬಂಧವೇ ಇರಲಿಲ್ಲ. ಟ್ರಯಂಫ್‌ನವರು 1970ರಲ್ಲಿ ಸ್ಪಿಟ್‌ಫೈರ್‌ನ ನಾಲ್ಕನೆಯ ಆವೃತ್ತಿಗೆ ಪಾಟಾದ ಜೋಡಣೆಯನ್ನೇ ಬದಲಿಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದರು. ನಮ್ಮ ದೇಶದಲ್ಲಿ ಹೆರಾಲ್ಡಿನ ನಂತರ ಬಂದ ಗೆಜೆಲ್ ಕಾರಿಗೆ ಮಾಮೂಲಿ ಗಟ್ಟಿ ಆಕ್ಸಲ್ಲನ್ನೇ ಹಾಕಿದರು.

ಹಳೆಯ ಕಾರಿನವರು ಈ ದೋಷಕ್ಕೆ ಮಾಡಿಕೊಳ್ಳುವ ಅಗ್ಗದ ಉಪಾಯವೊಂದಿದೆ. ಹೌಸಿಂಗಿಗೂ ಪಾಟಾಕ್ಕೂ ನಡುವೆ ಒಂದು ಗಟ್ಟಿ ಬ್ಲಾಕ್ ಇಟ್ಟು, ಉದ್ದನೆಯ ಸ್ಟಡ್‌ಗಳಿಂದ ಬಿಗಿದರೆ, ಹಿಂಭಾಗ ಸ್ವಲ್ಪ ತಗ್ಗಿ ಚಕ್ರಗಳ ಬುಡ ಮೊದಲೇ ಹೊರಕ್ಕೆ ಚಾಚಿ ನಿಲ್ಲುತ್ತವೆ. ನನಗೆ ಆ ಬ್ಲಾಕ್ ಮಾಡಿಕೊಟ್ಟವರು ಹರಿಹರದ ಟರ್ನರ್ ಅಜ್ಜ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳನ್ನು ತಯಾರಿಸುತ್ತಲೇ ಆಯುಷ್ಯ ಸವೆಸಿದವರು. ನಿವೃತ್ತಿಯ ನಂತರ ಅದೇ ಕಾರ್ಖಾನೆಯ ಹಳೆಯ ಲೇತೊಂದನ್ನು ಕೊಂಡು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: “ನಾಳೆ ಬ್ಯಾಡ ಅನಿಸಿದ್ರ ತಗದಿಡಬೌದಲ್ಲ ತಮ್ಮಾ?” ಬಹುದು ಎಂದೆ. ಒಂದು ಅಂಗುಲ ದಪ್ಪದ ಬ್ಲಾಕನ್ನು ಎರಡು ದಿನದಲ್ಲಿ ಮಾಡಿಕೊಟ್ಟರು. ಅಂದಿನಿಂದ ಅದೇ ಜೋಗಿಮಟ್ಟಿಯ ತಿರುವುಗಳನ್ನು ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಬಾಲ ಇನ್ನೂ ಒಮ್ಮೊಮ್ಮೆ ಅಲ್ಲಾಡುತ್ತದೆ, ಆದರೆ ಮುನ್ಸೂಚನೆ ಕೊಟ್ಟು ಅಲ್ಲಾಡುತ್ತದೆ.

ಹಳೆಯ ಕಾರನ್ನು ಮಾಡಿಫೈ ಮಾಡುವುದರ ಬಗ್ಗೆ ನನ್ನ ಅಭಿಪ್ರಾಯವೆಲ್ಲ ಆ ಅಜ್ಜನ ಪ್ರಶ್ನೆಯಲ್ಲಿಯೇ ಅಡಗಿದೆ. ನಾನು ಮೂಲ ಸ್ವರೂಪದ ಮಡಿವಂತನಲ್ಲ. ಕಂಪನಿಯವರು ಕೊಟ್ಟ ಎಣ್ಣೆಯ ಸೋರಿಕೆಯನ್ನು ಸಹ ಪರಂಪರೆ ಎಂದು ಪೂಜಿಸುವವರನ್ನು ಕಂಡರೆ ನನಗೆ ಕನಿಕರವೇ. ನನ್ನ ಕಾರಿನಲ್ಲಿ ಡೈನಮೊ ಇದ್ದ ಜಾಗದಲ್ಲಿ ಇಂದು ಆಲ್ಟರ್ನೇಟರ್ ಇದೆ, ರೇಡಿಯಲ್ ಟೈರುಗಳಿವೆ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲು ನಿಂತ ಮೇಲೆ ಸೀಸದ ರಕ್ಷಣೆ ತಪ್ಪಿ ಎಂಜಿನ್ನಿನ ಹಳೆಯ ಹೆಡ್ಡಿನ ಮೆತು ವಾಲ್ವ್ ಸೀಟುಗಳು ಸವೆಯಲಾರಂಭಿಸಿದ್ದರಿಂದ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಿದ್ದೇನೆ. ಇದನ್ನು ಹಿಂದಕ್ಕೆ ತೆಗೆಯಲಾಗದು, ಆದರೆ ಹೆಡ್ಡನ್ನೇ ಕಳೆದುಕೊಳ್ಳುವುದಕ್ಕಿಂತ ಮೇಲು. ಈಗ ಬಂಕಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಬರುತ್ತಿರುವುದರಿಂದ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಅದಕ್ಕೆ ತಡೆಯುವಂಥವುಗಳಿಗೆ ಬದಲಿಸಬೇಕಾಯಿತು. ಅಶೋಕ ಚಿತ್ರಮಂದಿರದ ರೈಲ್ವೆ ಗೇಟಿನಲ್ಲಿ ಏಪ್ರಿಲ್ ಬಿಸಿಲಿಗೆ ನಿಂತಾಗ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಎಂಜಿನ್ ಬಂದಾಗುತ್ತಿದ್ದ ದಿನಗಳಲ್ಲಿ ದೊಡ್ಡಪ್ಪ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಆ ಬಟ್ಟೆ ಈಗಲೂ ಡಿಕ್ಕಿಯಲ್ಲಿದೆ, ಕೆಲಸಕ್ಕೂ ಬರುತ್ತದೆ.

ಮಾಡಿಫೈ ಮಾಡುವ ಹುಮ್ಮಸ್ಸಿನಲ್ಲಿರುವವರು ಮೊದಲು ನೋಡಬೇಕಾದದ್ದು ಸರ್ವಿಸಿನ ಸಣ್ಣ ಸಂಗತಿಗಳನ್ನು. ಈ ಕಾರಿನ ಮುಂದಿನ ಚಕ್ರದ ಕಂಬ ಕೆಳಗಡೆ ಟ್ರನಿಯನ್ ಎಂಬ ಕಂಚಿನ ಕೀಲುಗೂಡಿನೊಳಗೆ ತಿರುಪಿನ ಮರೆಯ ಮೇಲೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್, 90 ನಂಬರಿನದು. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ನಮ್ಮ ಗ್ಯಾರೇಜುಗಳ ರೂಢಿ. ಆ ಗ್ರೀಸು ಒಳಗೆ ಗಟ್ಟಿಯಾಗಿ, ನೀರು ಸೇರಿ, ಮರೆ ತುಕ್ಕು ಹಿಡಿದು, ಒಂದು ದಿನ ಕಂಬವೇ ಮುರಿದು ಚಕ್ರ ಮಡಚಿ ಬೀಳುತ್ತದೆ. ಟ್ವಿನ್ ಕಾರ್ಬೊರೇಟರಿಗೆ ಸಾವಿರಗಟ್ಟಲೆ ಸುರಿದವರು ಈ ನೂರು ರೂಪಾಯಿಯ ಎಣ್ಣೆಯನ್ನು ಮರೆತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾನೂನಿನ ಮಾತಿಗೆ ಬರುತ್ತೇನೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ವಿಎ ಅಕ್ಷರಗಳ ಪ್ರತ್ಯೇಕ ನಂಬರು ಸಿಗುತ್ತದೆ. ಆದರೆ ಆ ನಂಬರಿನ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಂಥವಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಬಾಡಿ ಕೊಯ್ದವನಿಗೆ ಆ ಗೌರವ ಬೇಡವೆನ್ನುವುದು ನ್ಯಾಯವೇ. ಬೆಣ್ಣೆ ದೋಸೆ ತಿನ್ನಲು ಅದೇ ಕಾರಿನಲ್ಲಿ ಹೋಗಬಾರದೆನ್ನುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಹಳೆಯ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತ ಬಂದಿದ್ದೇನೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಆಮೇಲೂ ಏರಿದೆ.

ಕೊಯ್ದ ಕಮಾನುಗಳ ಕಥೆ ಉಳಿಯಿತು. ಐದು ವರ್ಷಗಳ ಹಿಂದೆ ಪುಟ್ಟಿ ಬಿರಿದು, ಒಳಗಿನ ತಗಡು ಜರಡಿಯಾಗಿರುವುದು ಕಂಡಿತು. ಹೊಸ ಪ್ಯಾನೆಲ್ ಇಲ್ಲೆಲ್ಲಿ ಸಿಗಬೇಕು? ಚಿತ್ರದುರ್ಗದ ಹಿರಿಯರೊಬ್ಬರ ಮನೆಯಲ್ಲಿ ಕೈ ಮುಟ್ಟದ ಹೆರಾಲ್ಡ್ ಇದೆಯೆಂದು ತಿಳಿದು, ನಮ್ಮೂರಿನ ಟಿಂಕರಿಂಗ್ ಸಾಹೇಬರನ್ನು ಕರೆದುಕೊಂಡು ಹೋದೆ. ಅವರು ರಟ್ಟು ಕತ್ತರಿಸಿ ಆ ಕಾರಿನ ಕಮಾನಿನ ಅಚ್ಚು ತೆಗೆದುಕೊಂಡರು. ಬಂದ ಮೇಲೆ ಇಪ್ಪತ್ತು ಗೇಜಿನ ತಗಡನ್ನು ಮರದ ಕೊರಡಿನ ಮೇಲಿಟ್ಟು ಬಡಿಯಲು ಕುಳಿತರೆ ಎರಡೂ ಕಡೆಗೆ ಏಳು ವಾರ ಹಿಡಿಯಿತು. ಕೊಯ್ಯಲು ಆಗ ಒಂದು ಮಧ್ಯಾಹ್ನ ಸಾಕಾಗಿತ್ತು. ಬಲಗಡೆಯ ಕಮಾನು ಇಂದಿಗೂ ಎಡದ್ದಕ್ಕಿಂತ ಒಂದು ಕೂದಲೆಳೆ ಚಪ್ಪಟೆಯಾಗಿದೆ, ಗೊತ್ತಿದ್ದವರ ಕಣ್ಣಿಗೆ ಮಾತ್ರ ಕಾಣುತ್ತದೆ. ನನಗೆ ದಿನವೂ ಕಾಣುತ್ತದೆ.

ಹಿರಿಯೂರಿನ ಆ ತಮ್ಮನಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಸಂಜೆಯಾಗಿತ್ತು. ಅವರು ಸುಲಭಕ್ಕೆ ಸೋಲುವವರಲ್ಲ. ಹೆರಾಲ್ಡಿನ ಗೇರ್‌ಬಾಕ್ಸ್ ಮೇಲಿನ ಹೊದಿಕೆಯೂ ಬಿಚ್ಚುವಂಥದ್ದೇ ಅಲ್ಲವೇ, ಹಾಗಾದರೆ ಚಾಸಿ ಮುಟ್ಟದೆ, ಬೋಲ್ಟಿನ ಬ್ರಾಕೆಟ್ ಮೇಲೆಯೇ ಜಿಪ್ಸಿ ಎಂಜಿನ್ ಕೂರಿಸಬಹುದೇ ಎಂದು ಕೇಳಿದರು. ಆರ್‌ಸಿಯ ತೊಡಕು ಹಾಗೆಯೇ ಉಳಿಯುತ್ತದೆ ಎಂದೆ. ಆದರೂ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಅವರು ಹೋದ ಮೇಲೆ ಬಾನೆಟ್ ಮಗುಚಿ, ಟೈರಿನ ಮೇಲೆ ಕುಳಿತು, ಬ್ಯಾಟರಿ ಹಿಡಿದು ಟೇಪಿನಿಂದ ಅಳತೆ ತೆಗೆದೆ. ಜಿಪ್ಸಿ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಆಯಿಲ್ ಸಂಪು, ಅಡ್ಡ ತೊಲೆಗೆ ಎರಡು ಬೆರಳಿನಷ್ಟು ತಾಗುತ್ತದೆ.