ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಒಂದು ಮಾತು

ಬೆಳಗ್ಗೆ ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಅಗ್ನಿವೀರ್ ಭರ್ತಿಗೆ ಓಡೋ ಹುಡುಗರನ್ನು ಮಾತಾಡಿಸಿ. 1.6 ಕಿ.ಮೀ. ಎಷ್ಟಕ್ಕೆ ಮುಗಿಸ್ತೀಯಪ್ಪಾ ಅಂದರೆ ಸೆಕೆಂಡ್ ಸಮೇತ ಹೇಳುತ್ತಾರೆ. ಕಂಪ್ಯೂಟರ್ ಮುಂದೆ ಕೂತು ಎಷ್ಟು ದಿನ ಆಯ್ತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

2023ರಿಂದ ಸೇನೆ ಭರ್ತಿಯ ಕ್ರಮವೇ ಬದಲಾಗಿದೆ. ಮುಂಚೆ ರ‍್ಯಾಲಿ ಮೊದಲು, ಪರೀಕ್ಷೆ ಆಮೇಲೆ. ಈಗ ಮೊದಲು ಕಂಪ್ಯೂಟರ್ ಪರೀಕ್ಷೆ. ಅಲ್ಲಿ ದಾಟಿದವರಿಗಷ್ಟೇ ಓಟ. ಜನರಲ್ ಡ್ಯೂಟಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಟ್. ಕ್ಲರ್ಕ್ ಹುದ್ದೆಗೆ ಟೈಪಿಂಗ್ ಬೇರೆ.

ನಮ್ಮ ಹುಡುಗರ ಅಭ್ಯಾಸವೆಲ್ಲ ಮೊಬೈಲಿನಲ್ಲಿ. ಜಗಳೂರು ಕಡೆಯ ಒಬ್ಬ ಹುಡುಗನನ್ನು ಮೊನ್ನೆ ಡಿಟಿಪಿ ಅಂಗಡಿಯಲ್ಲಿ ಕೂರಿಸಿದೆ. ಅವನು ಮೌಸ್ ಮುಟ್ಟಲೇ ಇಲ್ಲ. ಸೀದಾ ಮಾನಿಟರ್ ಮೇಲೆ ಬೆರಳು ಒತ್ತಿದ. ಅಂಗಡಿಯವರು ನಕ್ಕರು, ಅವನು ಕೈ ಹಿಂದಕ್ಕೆ ಎಳೆದುಕೊಂಡ. ಲೆಕ್ಕದಲ್ಲಿ ಚುರುಕು ಹುಡುಗ ಅವನು! ಟೈಪಿಂಗ್ ಕಥೆಯಂತೂ ಕೇಳಲೇಬೇಡಿ. ಹೆಬ್ಬೆರಳಲ್ಲಿ ವಾಟ್ಸಾಪ್ ಒತ್ತಿ ಬೆಳೆದವರಿಗೆ ಎಫ್, ಜೆ ಕೀಗಳ ಮೇಲೆ ಸಣ್ಣ ಉಬ್ಬು ಯಾಕಿದೆ ಅಂತ ಯಾರು ಹೇಳಿಕೊಟ್ಟಿದ್ದಾರೆ?

ಇತ್ತ ಊರಲ್ಲಿ ಒಳ್ಳೊಳ್ಳೆ ಕಂಪ್ಯೂಟರ್‌ಗಳು ಮೂಲೆ ಸೇರುತ್ತಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಪ್ರೊಸೆಸರ್ ಹಳೇದು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ ಅಂದರೆ ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳಲ್ಲ. ಅಷ್ಟಕ್ಕೇ ಕಂಪ್ಯೂಟರ್ ಸತ್ತಿತು ಅಂತಲ್ಲ. 4 ಜಿಬಿ ರ‍್ಯಾಮ್ ಇದ್ದರೂ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗೋ ಹಗುರ ಲಿನಕ್ಸ್ ಒಂದನ್ನು ಹಾಕಿ ಓಡಿಸಬಹುದು. ಲಿನಕ್ಸ್ ಅಂದರೆ ಮೂಗು ಮುರಿಯೋರಿಗೆ ಹೇಳ್ತೀನಿ: ರಕ್ಷಣಾ ಸಚಿವಾಲಯವೇ 2023ರಲ್ಲಿ ವಿಂಡೋಸ್ ಬಿಟ್ಟು ಉಬುಂಟು ಅನ್ನೋ ಲಿನಕ್ಸ್ ಆಧಾರದ ಮಾಯಾ ಓಎಸ್ ಕಡೆ ಹೊರಟಿತು.

ಪರೀಕ್ಷೆ ಅಭ್ಯಾಸಕ್ಕೆ ಬೇಕಾಗೋದು ಮೌಸ್, ದೊಡ್ಡ ಕೀಬೋರ್ಡ್, ಕರೆಂಟ್ ಹೋದರೆ ತಡೆಯೋ ಯುಪಿಎಸ್. ಇಂಟರ್ನೆಟ್ ಕೂಡ ಬೇಡ, ಪ್ರಶ್ನೆಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಬಹುದು. ಹೊಸ ಲ್ಯಾಬ್ ಕಟ್ಟಿಸಿ ಅಂತ ಮನವಿ ಕೊಡೋದು, ಫೋಟೋ ತೆಗೆಸಿಕೊಳ್ಳೋದು ನನಗೆ ಸರಿಕಾಣಲ್ಲ. ಅದು ಬರೋ ಹೊತ್ತಿಗೆ ಇವರ ವಯಸ್ಸೇ ಮೀರಿರುತ್ತೆ.

ಒಂದು ಕಾಲೇಜಿನವರನ್ನು ಭಾನುವಾರ ಲ್ಯಾಬ್ ಕೊಡ್ತೀರಾ ಅಂತ ಕೇಳಿದೆ. 'ಹುಡುಗರು ಹಾಳು ಮಾಡ್ತಾರೆ ಸಾರ್' ಅಂದರು. ಹೋಗಲಿ, ಗುಜರಿಗೆ ಹಾಕೋದನ್ನಾದರೂ ಕೊಡಿ ಅಂದೆ. 'ಅದರಲ್ಲಿ ಆಫೀಸ್ ಡೇಟಾ ಇದೆ' ಅಂದರು. ಈ ಭಯ ನ್ಯಾಯವೇ. ಅದಕ್ಕೆ ದಾರಿಯೂ ಇದೆ. ಹಾರ್ಡ್ ಡಿಸ್ಕ್ ಬಿಚ್ಚಿ ನೀವೇ ಇಟ್ಟುಕೊಳ್ಳಿ. ಬರೀ ಡಬ್ಬ ಕೊಡಿ ಸಾಕು, ಅದರ ಜಾಗಕ್ಕೆ ಬೇರೆ ಡಿಸ್ಕ್ (ಎಸ್‌ಎಸ್‌ಡಿ) ನಾವು ಹಾಕಿಸಿಕೊಳ್ಳುತ್ತೇವೆ. ಸಾಗಿಸೋಕೆ ಗೂಡ್ಸ್ ಆಟೋ ನಾನೇ ತರುತ್ತೇನೆ.