ಮಕ್ಕಳ ಪಂಚಾಯ್ತಿಯಲ್ಲಿ ವೈದ್ಯ

ಕಳೆದ ವರ್ಷ ಅಪ್ಪ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ. ಎಂಥಾ ಮಾತುಗಾರಿಕೆ ಅಂದರೆ, ಪಕ್ಕದಲ್ಲಿ ಕೂತು ಕೇಳಿದ ನಾನೂ ತಲೆಯಾಡಿಸಿದ್ದೆ. ಆ ದಿನಗಳಲ್ಲೇ ಗ್ರೀಕ್ ತತ್ವಜ್ಞಾನಿ ಪ್ಲೇಟೋನ 'ಗೋರ್ಗಿಯಾಸ್' ಓದಿದ್ದು. ಅವನ ಗುರು ಸಾಕ್ರಟೀಸ್, ಮಾತುಗಾರಿಕೆ ಕಲಿಸುವ ಗೋರ್ಗಿಯಾಸನ ಜೊತೆ ವಾದಕ್ಕಿಳಿಯುವ ಸಂವಾದ ಅದು.

ಗೋರ್ಗಿಯಾಸ್ ಸಿಸಿಲಿಯ ಲಿಯೊಂಟಿನಿಯವನು. ಕ್ರಿ.ಪೂ. 427ರಲ್ಲಿ ರಾಯಭಾರಿಯಾಗಿ ಅಥೆನ್ಸಿಗೆ ಬಂದು, ಬರೀ ಮಾತಿನಿಂದಲೇ ಊರನ್ನು ಬೆರಗಾಗಿಸಿದವನು. ಅವನ ಒಡಹುಟ್ಟಿದವನೊಬ್ಬ ವೈದ್ಯ. ಔಷಧಿ ಕುಡಿಯಲೊಲ್ಲದ, ಕೊಯ್ಯಿಸಿಕೊಳ್ಳಲು ಹೆದರುವ ರೋಗಿಗಳನ್ನು ತಾನು ಮಾತಿನಲ್ಲೇ ಒಪ್ಪಿಸಿದ್ದೇನೆ ಅನ್ನುತ್ತಾನೆ ಗೋರ್ಗಿಯಾಸ್. ಅಲ್ಲಿಯವರೆಗೆ ನನಗೆ ಅವನ ಮೇಲೆ ಪ್ರೀತಿಯೇ ಬಂತು. ಮಾತು ಔಷಧಿಯ ಜೊತೆ ನಿಂತಿದೆಯಲ್ಲ! ಆದರೆ ಮರುಕ್ಷಣವೇ, ಯಾವ ಊರಿನ ಸಭೆಯಲ್ಲಾದರೂ ವೈದ್ಯನನ್ನು ಆರಿಸುವ ಪ್ರಶ್ನೆ ಬಂದರೆ ಜನ ಮಾತುಗಾರನನ್ನೇ ಆರಿಸುತ್ತಾರೆ ಅಂತ ಹೆಮ್ಮೆಪಡುತ್ತಾನೆ. ಈಗ ಮಾತು ಔಷಧಿಯನ್ನು ಪಕ್ಕಕ್ಕೆ ತಳ್ಳಿ ಅದರ ಜಾಗದಲ್ಲಿ ಕೂತಿತು.

ಸಾಕ್ರಟೀಸ್ ಹಿಡಿಯುವುದು ಇಲ್ಲೇ. ಹಾಗಾದರೆ ತಿಳಿಯದವರ ಮುಂದೆ, ತಿಳಿದವನಿಗಿಂತ ತಿಳಿಯದವನ ಮಾತೇ ಹೆಚ್ಚು ನಡೆಯುತ್ತದೆ ಅಂತಾಯಿತಲ್ಲ? ಗೋರ್ಗಿಯಾಸ್ ಒಪ್ಪಿಕೊಳ್ಳುತ್ತಾನೆ.

ಅಡುಗೆಯವನೂ ವೈದ್ಯನೂ ಮಕ್ಕಳ ಮುಂದೆ ನಿಂತು, ಯಾವ ಊಟ ಒಳ್ಳೆಯದು ಅಂತ ವಾದಿಸಿದರೆ ವೈದ್ಯ ಉಪವಾಸ ಸಾಯಬೇಕಾಗುತ್ತದೆ ಅನ್ನುತ್ತಾನೆ ಸಾಕ್ರಟೀಸ್. ನನ್ನ ಮೇಲೆ ಮೊಕದ್ದಮೆ ಬಂದರೂ ಅದು ಹೀಗೇ, ಮಕ್ಕಳೆದುರು ಅಡುಗೆಯವನು ವೈದ್ಯನ ಮೇಲೆ ದೂರು ಹೇಳಿದಂತೆ ನಡೆಯುತ್ತದೆ ಅಂತಲೂ ಹೇಳುತ್ತಾನೆ. ಕ್ರಿ.ಪೂ. 399ರಲ್ಲಿ ಅಥೆನ್ಸ್ ಅವನಿಗೆ ವಿಷ ಕುಡಿಸಿತು. (ಇದನ್ನೆಲ್ಲ ಪ್ಲೇಟೋ ಬರೆದದ್ದು ಗುರು ಸತ್ತ ಮೇಲೆ. ಆ ಸಾಲಿನಲ್ಲಿ ನನಗೆ ಶಿಷ್ಯನ ಸಂಕಟ ಕೇಳಿಸುತ್ತದೆ.)

ನನ್ನನ್ನು ಹೆಚ್ಚು ತಟ್ಟಿದ್ದು ಮಾತ್ರ ಸಾಕ್ರಟೀಸನ ಇನ್ನೊಂದು ಮಾತು. ನಾನು ಹೇಳಿದ್ದು ತಪ್ಪಾಗಿದ್ದರೆ ಯಾರಾದರೂ ತೋರಿಸಿಕೊಡಲಿ, ಬೇರೆಯವರ ತಪ್ಪು ತೋರಿಸುವುದಕ್ಕಿಂತ ಅದರಲ್ಲೇ ನನಗೆ ಲಾಭ ಅನ್ನುತ್ತಾನೆ. ನಿಜವಾದ ತಿಳಿವಳಿಕೆಗೆ ನನಗೆ ಕಾಣುವ ಗುರುತು ಇದೊಂದೇ. ಆ ಭಾಷಣಕಾರರ ಒಂದು ಗಂಟೆಯ ಮಾತಿನಲ್ಲಿ 'ಬಹುಶಃ' ಎಂಬ ಪದ ಒಮ್ಮೆಯೂ ಬರಲಿಲ್ಲ.

ನಮ್ಮ ಡಾಕ್ಟರಮ್ಮ ಹಾಗಲ್ಲ. "ಈ ಮಾತ್ರೆ ನಿಮಗೆ ಒಗ್ಗುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ ಸರ್, ಒಂದು ತಿಂಗಳು ನೋಡೋಣ" ಅಂದಿದ್ದರು. ಮನೆಗೆ ಬರುವಾಗ ಆಟೋದಲ್ಲಿ ಅಪ್ಪ ನನಗೆ ಹೇಳಿದ್ದರು: "ಆಯಮ್ಮಂಗೆ ಏನೂ ಗೊತ್ತಿಲ್ಲ ಕಣೋ."