ಮನೆ ಮಾರೋರಿಗೂ ಕೊಳ್ಳೋರಿಗೂ ಒಬ್ಬನೇ ಏಜೆಂಟ್ ಇರಬಹುದಾ? ಪರ-ವಿರೋಧ

ಪರ

ಎರಡೂ ಕಡೆಗೆ ಒಬ್ಬನೇ ಏಜೆಂಟ್ ಅಂದ ತಕ್ಷಣ ಮೋಸ ಅಂತಾರೆ, ನಾನು ಒಪ್ಪಲ್ಲ. ಎಷ್ಟೋ ವ್ಯವಹಾರ ಮುರಿಯೋದು ರೇಟಿಗಲ್ಲ, ದಾಖಲೆ ಯಾವಾಗ ಕೊಡ್ತೀರಾ, ಲೋನ್ ಯಾವಾಗ ಆಗುತ್ತೆ, ಮನೆ ಯಾವಾಗ ಖಾಲಿ ಮಾಡ್ತೀರಾ ಅನ್ನೋದಕ್ಕೆ, ಇದನ್ನೆಲ್ಲ ಇಬ್ಬರ ಬಾಯಿಂದಾನೂ ನೇರವಾಗಿ ಕೇಳಿಸ್ಕೊಂಡಿರೋ ಒಬ್ಬ ಮನುಷ್ಯ ಮಧ್ಯ ಇದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಇಬ್ರು ಏಜೆಂಟ್ ಇಟ್ಕೊಂಡ್ರೂ ಇಬ್ರಿಗೂ ದುಡ್ಡು ಬರೋದು ಡೀಲ್ ಮುಗಿದಾಗ್ಲೇ ತಾನೆ, ಬೇಗ ಮುಗಿಸ್ಬೇಕು ಅನ್ನೋ ಆಸೆ ಅಲ್ಲೂ ಇದ್ದೇ ಇರುತ್ತೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2018ರಲ್ಲಿ ಇದನ್ನ ನಿಷೇಧ ಮಾಡಿದ್ರು, ಆದ್ರೂ ಏಜೆಂಟ್‌ಗಳೇ ಸಿಗದ ದೂರದ ಜಾಗಗಳಿಗೆ ವಿನಾಯಿತಿ ಇಡಲೇಬೇಕಾಯ್ತು. ತಪ್ಪಿರೋದು ಮುಚ್ಚಿಡೋದ್ರಲ್ಲಿ. ಯಾರ ಹತ್ರ ಎಷ್ಟು ತಗೋತೀನಿ, ಯಾರ ಗುಟ್ಟನ್ನ ಯಾರಿಗೂ ಹೇಳಲ್ಲ ಅಂತ ಮೊದ್ಲೇ ಬರೆದುಕೊಟ್ಟು ಇಬ್ರೂ ಸೈನ್ ಹಾಕಿದ್ರೆ ಅದು ಬುದ್ಧಿ ಇರೋ ಇಬ್ಬರ ಒಪ್ಪಂದ, ಅದನ್ನ ತಡೆಯೋಕೆ ಬೇರೆಯವರು ಯಾರು? ಕಮಿಷನ್ ಕಡಿಮೆ ಮಾಡಿ ಅಂತ ಚೌಕಾಸಿ ಮಾಡೋಕೂ ಜಾಗ ಸಿಗುತ್ತೆ.

ವಿರೋಧ

ಸೈನ್ ಹಾಕಿಸ್ಕೊಂಡ್ರೆ ಎಲ್ಲಾ ಸರಿಹೋಗಲ್ಲ ರೀ. ಮಾರೋರಿಗೆ ಜಾಸ್ತಿ ಬೇಕು, ಕೊಳ್ಳೋರಿಗೆ ಕಡಿಮೆ ಬೇಕು, "ಅವ್ರು ಎಷ್ಟಕ್ಕೆ ಇಳೀತಾರೆ" ಅಂತ ನೀವು ಕೇಳಿದಾಗ ಏಜೆಂಟ್ ಹೇಳಿದ್ರೆ ಅವರಿಗೆ ದ್ರೋಹ, ಹೇಳದಿದ್ರೆ ನಿಮಗೆ ದ್ರೋಹ. ಸಲಹೆ ಬೇಕಾದ ಹೊತ್ತಲ್ಲೇ ಬಾಯಿ ಮುಚ್ಕೊಂಡಿರೋನಿಗೆ ಕಮಿಷನ್ ಯಾಕೆ ಕೊಡ್ಬೇಕು?

ಒಂದೇ ಕಡೆ ನಿಂತಿರೋ ಏಜೆಂಟೇ ಪೂರ್ತಿ ನಮ್ಮೋನಲ್ಲ ಅನ್ನೋದನ್ನ ನೆನಪಿಡಿ. ಕಮಿಷನ್ ನೂರಕ್ಕೆ ಎರಡು ಅಂದ್ರೆ, ಇನ್ನೊಂದಷ್ಟು ದಿನ ಕಾದು ನಿಮಗೆ ಒಂದು ಲಕ್ಷ ಜಾಸ್ತಿ ಕೊಡ್ಸಿದ್ರೂ ಅವನಿಗೆ ಸಿಗೋದು ಎರಡೇ ಸಾವಿರ, ಯಾಕೆ ಕಾಯ್ತಾನೆ? ಲೆವಿಟ್ ಮತ್ತು ಸೈವರ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಶಿಕಾಗೋ ಸುತ್ತಮುತ್ತಲ ಮನೆ ಮಾರಾಟಗಳನ್ನ ನೋಡಿ 2008ರಲ್ಲಿ ಬರೆದ್ರು: ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಜಾಸ್ತಿ ಕಾಯ್ತಾರೆ, ಬೆಲೆನೂ ಸುಮಾರು 3.7% ಜಾಸ್ತಿ ತಗೋತಾರೆ. ಒಂದೇ ಕಡೆ ಇದ್ದಾಗ್ಲೇ ಹೀಗೆ, ಇನ್ನು ಎರಡೂ ಕಡೆ ಕಮಿಷನ್ ಬರೋ ಡೀಲನ್ನ ಬಿಟ್ಟು, ಬೇರೆ ಏಜೆಂಟ್ ತಂದ ಒಳ್ಳೆ ಆಫರ್‌ನ ಅವನು ನಿಮ್ಮ ಮುಂದೆ ಮನಸಾರೆ ಇಡ್ತಾನಾ?

ಅದಕ್ಕೇ ಆರಿಸೋ ಮೊದ್ಲೇ ಕೇಳಿ: ಆ ಕಡೆಯಿಂದಾನೂ ದುಡ್ಡು ಬರುತ್ತಾ, ಈ ಆಸ್ತಿಲಿ ನಿನ್ನದೋ ನಿನ್ನೋರದ್ದೋ ಪಾಲಿದ್ಯಾ, ಲೋನ್ ಕೊಡ್ಸಿದ್ರೆ ಬ್ಯಾಂಕಿಂದ ಏನಾದ್ರೂ ಸಿಗುತ್ತಾ. ಲಾಯರ್‌ನೂ ಅವನೇ ಕರ್ಕೊಂಡ್ಬಂದ್ರೆ ಬೇಡ ಅನ್ನಿ, ದಾಖಲೆ ಸರಿ ಇಲ್ಲ ಅಂತ ಹೇಳಿ ಡೀಲ್ ನಿಲ್ಲಿಸಿದ ಲಾಯರ್‌ನ ಅವನು ಮುಂದಿನ ಸಲ ಕರೀತಾನಾ?